ಗೋಬರ್ ಗ್ಯಾಸು, ನಿಕಲ್ ಮತ್ತು ಬಾಳಿಕೆಯ ಲೆಕ್ಕ

"ನಮ್ಮ ಕ್ಯಾಟಲಿಸ್ಟ್ ನೂರು ಗಂಟೆ ಓಡಿತು, ಒಂಚೂರೂ ಇಳಿಯಲಿಲ್ಲ" ಎಂದು ಯಾರಾದರೂ ಹೇಳಿದರೆ (ಕ್ಯಾಟಲಿಸ್ಟ್ ಎಂದರೆ ಶಾಲೆಯ ಪುಸ್ತಕದ ವೇಗವರ್ಧಕ) ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಪರಿವರ್ತನೆಯಲ್ಲಿ ಓಡಿಸಿದಿರಿ? ಅಂದರೆ ಒಳಹೋದ ಗ್ಯಾಸಿನಲ್ಲಿ ನೂರಕ್ಕೆ ಎಷ್ಟು ಪಾಲು ಕ್ರಿಯೆಗೊಂಡು ಬದಲಾಯಿತು? ಉತ್ತರ 95% ಎಂದು ಬಂದರೆ ಆ ನೂರು ಗಂಟೆಯಿಂದ ನನಗೆ ತಿಳಿಯುವುದು ಬಹಳ ಕಡಿಮೆ. 25% ಎಂದು ಬಂದರೆ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳುತ್ತೇನೆ. ಯಾಕೆ ಅಂತ ನಾವು ಮಾಡಿದ ಕೆಲಸವನ್ನೇ ಮುಂದಿಟ್ಟು ಹೇಳುತ್ತೇನೆ.

ನಾನಿರುವುದು ಕಾಸರಗೋಡು ಜಿಲ್ಲೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ. ಮನೆ ಪೆರ್ಲದ ಕಡೆ. ಹತ್ತನೆಯವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ. ಲ್ಯಾಬಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ನಡೆಯುತ್ತವೆ. ಗ್ಯಾಸ್ ಸಿಲಿಂಡರು ಇಳಿಸುವಾಗ ತುಳು ಜಾಸ್ತಿ, ಲೆಕ್ಕ ಹಾಕುವಾಗ ಕನ್ನಡ ಜಾಸ್ತಿ.

ನಮ್ಮ ಕೆಲಸ ಗೋಬರ್ ಗ್ಯಾಸಿಗೆ ಸಂಬಂಧಿಸಿದ್ದು. ಹಟ್ಟಿ ಇರುವ ಮನೆಗಳಲ್ಲಿ ಈ ಗ್ಯಾಸಿನ ಗುಂಡಿ ಇಲ್ಲಿ ಹೊಸತೇನಲ್ಲ. ಅದರಿಂದ ಬರುವ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಸುಮಾರು 55ರಿಂದ 60%. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕಾರ್ಬನ್ ಡೈಆಕ್ಸೈಡ್. ಅದು ಉರಿಯುವುದಿಲ್ಲ, ಸುಮ್ನೆ ಜಾಗ ಹಿಡಿದು ಜ್ವಾಲೆಯ ಬಿಸಿ ಕಡಿಮೆ ಮಾಡುತ್ತದೆ. ಅದನ್ನು ತೊಳೆದು ಹೊರಗೆ ಬಿಡುವ ವಿಧಾನಗಳಿವೆ. ಆದರೆ ಹೊರಗೆ ಬಿಡುವ ಬದಲು ಅದನ್ನೂ ಮೀಥೇನ್ ಮಾಡಿಕೊಂಡರೆ? ಒಂದು ಪಾಲು ಕಾರ್ಬನ್ ಡೈಆಕ್ಸೈಡಿಗೆ ನಾಲ್ಕು ಪಾಲು ಹೈಡ್ರೋಜನ್ ಸೇರಿಸಿ, ಬಿಸಿಯಾದ ನಿಕಲ್ ಮೇಲೆ ಹಾಯಿಸಿದರೆ ಒಂದು ಪಾಲು ಮೀಥೇನ್, ಎರಡು ಪಾಲು ನೀರಾವಿ ಬರುತ್ತದೆ. ಫ್ರಾನ್ಸಿನ ಪಾಲ್ ಸಬಾಟಿಯೆ, ತನ್ನ ಸಹೋದ್ಯೋಗಿ ಸೆಂದರೆನ್ಸ್ ಜೊತೆ 1902ರಲ್ಲೇ ಇದನ್ನು ತೋರಿಸಿದ್ದ. 1912ರಲ್ಲಿ ಸಬಾಟಿಯೆಗೆ ನೊಬೆಲ್ ಬಂತು. ಅಂದರೆ ಕ್ರಿಯೆ ನೂರು ವರ್ಷಕ್ಕೂ ಹಳತು.

ಹಾಗಾದರೆ ಈಗ ಯಾಕೆ? ಹೈಡ್ರೋಜನ್ ಕಾರಣಕ್ಕೆ. ನೀರನ್ನು ಕರೆಂಟಿನಿಂದ ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡಲು 50 ಯೂನಿಟ್‌ಗಿಂತ ತುಸು ಹೆಚ್ಚೇ ಬೇಕು. ಕರೆಂಟು ದುಬಾರಿ ಇದ್ದಾಗ ಇದರ ಮಾತೇ ಇರಲಿಲ್ಲ. ಮಧ್ಯಾಹ್ನದ ಸೋಲಾರ್ ಕರೆಂಟು ಅಗ್ಗವಾಗುತ್ತಾ ಬಂದ ಹಾಗೆ, ಆ ಶಕ್ತಿಯನ್ನು ಮೀಥೇನಿನ ರೂಪದಲ್ಲಿ ಕೂಡಿಡುವ ಯೋಚನೆಗೆ ಮತ್ತೆ ಜೀವ ಬಂತು. ಮೀಥೇನಿಗೆ ಒಲೆ ಇದೆ, ಸಿಲಿಂಡರ್ ಇದೆ, ಕೊಳವೆ ಇದೆ. 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿ.ಮೀ. ಉದ್ದದ ಕೊಚ್ಚಿ-ಮಂಗಳೂರು ಗ್ಯಾಸ್ ಪೈಪ್‌ಲೈನ್ ನಮ್ಮ ಜಿಲ್ಲೆಯ ಮೂಲಕವೇ ಹಾದುಹೋಗುತ್ತದೆ. ಅದರಲ್ಲಿ ಹರಿಯುವುದೂ ಹೆಚ್ಚಾಗಿ ಮೀಥೇನೇ.

ಇನ್ನು ಕ್ಯಾಟಲಿಸ್ಟಿನ ಮಾತು. ಈ ಕೆಲಸಕ್ಕೆ ರುಥೇನಿಯಂ ಒಳ್ಳೆಯದು, ಕಡಿಮೆ ಬಿಸಿಯಲ್ಲೇ ಶುರುವಾಗುತ್ತದೆ, ಆದರೆ ದುಬಾರಿ. ನಾವು ನಿಕಲ್ ಹಿಡಿದೆವು. ಸುತ್ತ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಅದರ ರಂಧ್ರಗಳೊಳಗೆ ನಿಕಲ್ಲಿನ ಸೂಕ್ಷ್ಮ ಕಣಗಳು. ನೂರಕ್ಕೆ ಹದಿನೈದು ಪಾಲು ನಿಕಲ್.

ಮಾಡುವ ವಿಧಾನ ಹೇಳುತ್ತೇನೆ. ಹತ್ತು ಗ್ರಾಂ ಕ್ಯಾಟಲಿಸ್ಟ್ ಬೇಕಾದರೆ 8.5 ಗ್ರಾಂ ಗ್ಯಾಮಾ ಅಲ್ಯೂಮಿನಾ (ರಂಧ್ರ ಹೆಚ್ಚಿರುವ ಬಗೆ), ಒಂದೂವರೆ ಗ್ರಾಂ ನಿಕಲ್. ನಿಕಲ್ ಬರುವುದು ನಿಕಲ್ ನೈಟ್ರೇಟಿನ ಹಸಿರು ಹರಳಿನಿಂದ. ಒಂದೂವರೆ ಗ್ರಾಂ ನಿಕಲ್ಲಿಗೆ 7.43 ಗ್ರಾಂ ಹರಳು. ಮೊದಲು ಅಲ್ಯೂಮಿನಾ ಎಷ್ಟು ನೀರು ಕುಡಿಯುತ್ತದೆ ಎಂದು ಬೇರೆಯಾಗಿ ನೋಡಬೇಕು. ಒಂದು ಗ್ರಾಂ ಪುಡಿಗೆ ಹನಿ ಹನಿಯಾಗಿ ನೀರು ಬಿಟ್ಟು ಕಲಸುತ್ತಾ ಹೋದರೆ, ಒಂದು ಹಂತದವರೆಗೆ ಅದು ಒಣ ಪುಡಿಯ ಹಾಗೇ ಉದುರುತ್ತದೆ. ಇನ್ನೊಂದು ಹನಿ ಬಿದ್ದ ಕೂಡಲೇ ಒಂದಕ್ಕೊಂದು ಅಂಟಿಕೊಂಡು ಮಿನುಗುತ್ತದೆ. ಆ ಹನಿಯ ಮುಂಚಿನ ಲೆಕ್ಕವೇ ನಮಗೆ ಬೇಕಾದ್ದು. ಅಷ್ಟೇ ದ್ರಾವಣದಲ್ಲಿ ಹರಳು ಕರಗಿಸಿ ಕುಡಿಸಬೇಕು. ಹರಳು ಜಾಸ್ತಿ ಇರುವುದರಿಂದ ನಾವು ಎರಡು ಕಂತಿನಲ್ಲಿ ಕುಡಿಸುತ್ತೇವೆ. ನಡುವೆ 110 ಡಿಗ್ರಿಯಲ್ಲಿ ಒಣಗಿಸುತ್ತೇವೆ.

ನಮ್ಮ ಕಡೆ ಇದಕ್ಕೊಂದು ವಿಶೇಷ ತೊಂದರೆ ಇದೆ. ಮಳೆಗಾಲ. ನಿಕಲ್ ನೈಟ್ರೇಟ್ ಗಾಳಿಯ ನೀರನ್ನು ಎಳೆದುಕೊಳ್ಳುವ ಉಪ್ಪು. ಜೂನ್ ತಿಂಗಳಲ್ಲಿ ಬಾಟಲಿಯ ಮುಚ್ಚಳ ತೆಗೆದಿಟ್ಟು ತೂಕ ಮಾಡುತ್ತಾ ಕೂತರೆ ಚಮಚದಲ್ಲಿರುವ ಹರಳಿನ ಅಂಚು ಕಣ್ಣೆದುರೇ ಒದ್ದೆಯಾಗಿ ಹೊಳೆಯುತ್ತದೆ. ತಕ್ಕಡಿಯ ಕೊನೆಯ ಅಂಕಿ ಮೆಲ್ಲನೆ ಏರುತ್ತಲೇ ಇರುತ್ತದೆ. 7.43 ಗ್ರಾಂ ತೂಗಿದ್ದೇವೆ ಎಂದುಕೊಂಡರೂ ಅದರಲ್ಲಿ ಎಷ್ಟು ನಿಕಲ್, ಎಷ್ಟು ಮಳೆಗಾಲ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಬಾಟಲಿಗೂ ಒಂದು ಪರೀಕ್ಷೆ ಇಟ್ಟಿದ್ದೇವೆ. ಒಂದು ಗ್ರಾಂ ಹರಳನ್ನು ಪಿಂಗಾಣಿ ಬಟ್ಟಲಿನಲ್ಲಿಟ್ಟು ನಿಧಾನವಾಗಿ ಕಾಯಿಸಿ ಪೂರ್ತಿ ನಿಕಲ್ ಆಕ್ಸೈಡ್ ಮಾಡುತ್ತೇವೆ. ಹರಳು ಸರಿಯಾಗಿದ್ದರೆ ಉಳಿಯಬೇಕಾದ್ದು 0.257 ಗ್ರಾಂ. ಕಡಿಮೆ ಬಂದರೆ ನೀರು ಸೇರಿದೆ ಅಂತ ಅರ್ಥ, ಆ ಪ್ರಮಾಣಕ್ಕೆ ಹರಳು ಹೆಚ್ಚು ಹಾಕುತ್ತೇವೆ. ಸಣ್ಣ ಕೆಲಸ, ಆದರೆ ಮಾರ್ಚಿನ ಕ್ಯಾಟಲಿಸ್ಟನ್ನೂ ಜುಲೈ ಕ್ಯಾಟಲಿಸ್ಟನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಬೇಕಾದರೆ ಇದು ಬೇಕೇ ಬೇಕು.

ಒಣಗಿದ ಮೇಲೆ 450 ಡಿಗ್ರಿವರೆಗೆ, ನಿಮಿಷಕ್ಕೆ ಎರಡು ಡಿಗ್ರಿಯಂತೆ ಕಾಯಿಸುವುದು. ಈ ಹೊತ್ತಿನಲ್ಲಿ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಹೊಗೆ ಬರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಹೊಗೆ ಎಳೆಯುವ ಫ್ಯಾನ್ ಕೆಳಗೇ ಮಾಡಬೇಕು. ಪುಡಿಯ ಬಣ್ಣ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ಬಿಸಿ ಮಿತಿಮೀರಿದರೆ ನಿಕಲ್ಲು ಅಲ್ಯೂಮಿನಾದೊಳಗೇ ಸೇರಿಕೊಂಡು ನಿಕಲ್ ಅಲ್ಯೂಮಿನೇಟ್ ಆಗುತ್ತದೆ, ಪುಡಿಗೆ ನೀಲಿ ಛಾಯೆ ಬರುತ್ತದೆ. ಹಾಗೆ ಸೇರಿಕೊಂಡ ನಿಕಲ್ಲನ್ನು ಲೋಹವಾಗಿಸಲು 700 ಡಿಗ್ರಿಗೂ ಮೇಲೆ ಹೋಗಬೇಕು. ಓಟಕ್ಕೆ ಮೊದಲು ನಿಕಲ್ ಆಕ್ಸೈಡನ್ನು ಲೋಹವಾಗಿಸಲು ನಾವು ಹಾಯಿಸುವ 500 ಡಿಗ್ರಿಯ ಹೈಡ್ರೋಜನ್‌ಗೆ ಅದು ಬಗ್ಗುವುದಿಲ್ಲ.

ಈಗ ಪರೀಕ್ಷೆಯ ಸಲಕರಣೆ. ಸೆಂಟಿಮೀಟರ್ ಒಳವ್ಯಾಸದ ಕ್ವಾರ್ಟ್ಸ್ ಕೊಳವೆ, ಸುತ್ತ ಕುಲುಮೆ. ಕ್ಯಾಟಲಿಸ್ಟಿನ ಕಣ ಕಾಲು ಮಿ.ಮೀ.ನಿಂದ ಅರ್ಧ ಮಿ.ಮೀ., ಜರಡಿ ಹಿಡಿದದ್ದು. ಕೊಳವೆಯ ಅಗಲ ಕಣದ ಹತ್ತು ಪಟ್ಟಿಗಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಗ್ಯಾಸು ಗೋಡೆಯ ಬದಿಯಿಂದ ನುಸುಳಿಕೊಂಡು ಹೋಗುತ್ತದೆ. ಕ್ಯಾಟಲಿಸ್ಟನ್ನು ಬರಿದೇ ತುಂಬಬಾರದು. ಹತ್ತು ಪಟ್ಟು ತೂಕದ ಕ್ವಾರ್ಟ್ಸ್ ಮರಳಿನ ಜೊತೆ ಬೆರೆಸಿ ತುಂಬಬೇಕು. ಕಾರಣ ಬಿಸಿ. ಈ ಕ್ರಿಯೆಯಲ್ಲಿ ಒಂದು ಮೋಲ್ (ಅಣು, ಪರಮಾಣುಗಳನ್ನು ಎಣಿಸುವ ಅಳತೆ) ಕಾರ್ಬನ್ ಡೈಆಕ್ಸೈಡಿಗೆ 165 ಕಿಲೋಜೌಲ್ ಶಾಖ ಹೊರಬರುತ್ತದೆ. ಅಮೋನಿಯಾ ಕಾರ್ಖಾನೆಗಳಲ್ಲಿ ಇದೇ ಕ್ರಿಯೆಯಿಂದ ಗ್ಯಾಸಿನಲ್ಲಿ ಉಳಿದ ಚೂರುಪಾರು ಕಾರ್ಬನ್ ಡೈಆಕ್ಸೈಡನ್ನು ತೆಗೆಯುತ್ತಾರೆ. ಅಲ್ಲಿನವರ ಕೈಲೆಕ್ಕ ಏನೆಂದರೆ 1% ಕಾರ್ಬನ್ ಡೈಆಕ್ಸೈಡ್ ಕ್ರಿಯೆಗೊಂಡರೆ ಗ್ಯಾಸು ಸುಮಾರು 60 ಡಿಗ್ರಿ ಬಿಸಿಯಾಗುತ್ತದೆ. ನಮ್ಮ ಮಿಶ್ರಣದಲ್ಲಿ ಇರುವುದು 15%ರ ಆಸುಪಾಸು. ಬಿಸಿ ಹೊರಹೋಗಲು ದಾರಿ ಕೊಡದಿದ್ದರೆ ಕುಲುಮೆಯ ಪರದೆಯಲ್ಲಿ 300 ಎಂದಿದ್ದರೂ ಒಳಗೆ ಎಷ್ಟಿದೆ ಅಂತ ಹೇಳಲಾಗದು. ಅದಕ್ಕೇ ಬಿಸಿ ಅಳೆಯುವ ಒಂದು ಥರ್ಮೋಕಪಲ್ಲನ್ನು ಕ್ಯಾಟಲಿಸ್ಟಿನ ನಡುವೆಯೇ ಮೇಲಿನಿಂದ ಕೆಳಗೆ ಸರಿಸುವ ಹಾಗೆ ಇಟ್ಟಿದ್ದೇವೆ. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಕರೆಂಟು ಹೋಗುವುದರ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ಗುಡುಗು, ಗಾಳಿ, ತಂತಿ ಮೇಲೆ ಬೀಳುವ ಮರ, ಇದೆಲ್ಲ ಇದ್ದದ್ದೇ. ಕುಲುಮೆ ಆರಿದರೆ ಕ್ಯಾಟಲಿಸ್ಟ್ ತಣಿಯುತ್ತದೆ, ಗ್ಯಾಸು ಮಾತ್ರ ಹರಿಯುತ್ತಲೇ ಇರುತ್ತದೆ. ಆ ಗ್ಯಾಸಿನಲ್ಲಿ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಇದ್ದು, ನಿಕಲ್ 200 ಡಿಗ್ರಿಗಿಂತ ಕೆಳಗೆ ಬಂದರೆ ನಿಕಲ್ ಕಾರ್ಬೊನಿಲ್ ಆಗಬಹುದು. 43 ಡಿಗ್ರಿಗೇ ಕುದಿಯುವ, ಅತ್ಯಂತ ವಿಷಕಾರಿ ದ್ರವ ಅದು. ಕ್ಯಾಟಲಿಸ್ಟಿನಿಂದ ನಿಕಲ್ಲನ್ನೂ ಹೊತ್ತೊಯ್ಯುತ್ತದೆ, ಮನುಷ್ಯನ ಜೀವಕ್ಕೂ ಅಪಾಯ. ಹಾಗಾಗಿ ನಾವು ವಾಲ್ವ್ ಆರಿಸಿದ್ದು ಹೀಗೆ: ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡಿನ ದಾರಿಯಲ್ಲಿ ಕರೆಂಟು ಇಲ್ಲದಾಗ ತಾನಾಗಿ ಮುಚ್ಚುವ ವಾಲ್ವ್. ನೈಟ್ರೋಜನ್ ದಾರಿಯಲ್ಲಿ ಕರೆಂಟು ಇಲ್ಲದಾಗ ತಾನಾಗಿ ತೆರೆಯುವ ವಾಲ್ವ್. ಯುಪಿಎಸ್ ಇದೆ ಎಂದು ಇದನ್ನು ಬಿಡಬೇಡಿ. ಸಿಲಿಂಡರುಗಳನ್ನು ಕೋಣೆಯ ಹೊರಗೆ ನೆರಳಿನಲ್ಲಿ ಸರಪಳಿ ಹಾಕಿ ನಿಲ್ಲಿಸಿ. ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ನೋಡಿ.

ಅಳೆಯುವ ವಿಷಯದಲ್ಲಿ ಎರಡು ನಿಯಮ ಸಾಕು. ಒಂದು, ಕ್ಯಾಟಲಿಸ್ಟ್ ಇಲ್ಲದೆ ಬರೀ ಮರಳು ತುಂಬಿ ಒಮ್ಮೆ ಪೂರ್ತಿ ಬಿಸಿಯವರೆಗೆ ಓಡಿಸಬೇಕು. ಉಕ್ಕಿನ ಜೋಡಣೆಗಳಲ್ಲೂ ನಿಕಲ್ ಇರುತ್ತದೆ, ಅವೂ ಕೆಲಸ ಮಾಡುತ್ತಿಲ್ಲ ಎಂದು ಖಾತ್ರಿಯಾಗಬೇಕು. ಎರಡು, ಒಳಹೋಗುವ ಗ್ಯಾಸಿನಲ್ಲಿ ಗೊತ್ತಿರುವಷ್ಟು ನೈಟ್ರೋಜನ್ ಬೆರೆಸಬೇಕು. ಐದು ಪಾಲು ಗ್ಯಾಸು ಒಳಗೆ ಹೋದರೆ, ನೀರು ತೆಗೆದ ಮೇಲೆ ಹೊರಗೆ ಬರುವುದು ಒಂದೇ ಪಾಲು. ಬರೀ ಶೇಕಡಾವಾರು ನೋಡಿ ಲೆಕ್ಕ ಹಾಕಿದರೆ ಎಲ್ಲ ತಲೆಕೆಳಗು. ನೈಟ್ರೋಜನ್ ಏನೂ ಆಗದೆ ಹೊರಬರುವುದರಿಂದ ಅದರ ಅನುಪಾತ ಹಿಡಿದು ಉಳಿದವನ್ನು ಲೆಕ್ಕ ಹಾಕಬಹುದು. ಒಳಹೋದ ಕಾರ್ಬನ್ನಿಗೂ ಹೊರಬಂದ ಕಾರ್ಬನ್ನಿಗೂ ತಾಳೆ ಆಗದ ದಿನದ ಅಂಕಿಗಳನ್ನು ನಾವು ಉಪಯೋಗಿಸುವುದಿಲ್ಲ.

ಇನ್ನು ಮುಖ್ಯ ಮಾತಿಗೆ ಬರೋಣ.

ಒಂದು ಗ್ರಾಂ ಕ್ಯಾಟಲಿಸ್ಟ್ ತುಂಬಿ, ನಿಮಿಷಕ್ಕೆ ನೂರು ಮಿ.ಲೀ. ಗ್ಯಾಸು ಬಿಟ್ಟು, 350 ಡಿಗ್ರಿಗೆ ಒಯ್ದರೆ ನಿಕಲ್ಲಿನ ಯಾವುದೇ ಒಳ್ಳೆಯ ಕ್ಯಾಟಲಿಸ್ಟ್ ತೊಂಬತ್ತರ ಆಸುಪಾಸಿನ ಪರಿವರ್ತನೆ ಕೊಡುತ್ತದೆ. ಅದಕ್ಕಿಂತ ಮೇಲೆ ಹೋಗದು. ಸಮತೋಲನದ ಮಿತಿ ಅದು, ಕ್ರಿಯೆ ಮುಂದಕ್ಕೆ ನಡೆದಷ್ಟೇ ಹಿಂದಕ್ಕೂ ನಡೆಯುವ ಹಂತ. ಸಾಮಾನ್ಯ ಒತ್ತಡದಲ್ಲಿ 300 ಡಿಗ್ರಿಯಲ್ಲಿ ಮಿತಿ ಸುಮಾರು 95%, 400ರಲ್ಲಿ 85%ರ ಹತ್ತಿರ. ಒಳ್ಳೆಯ ಕ್ಯಾಟಲಿಸ್ಟೂ ಅಲ್ಲಿಗೇ ನಿಲ್ಲುತ್ತದೆ, ಅತ್ಯುತ್ತಮ ಕ್ಯಾಟಲಿಸ್ಟೂ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿ ನಿಂತು ಎರಡನ್ನು ಹೋಲಿಸುವುದು ಹೇಗೆ? ಬಾಳಿಕೆ ಅಳೆಯುವುದಂತೂ ಇನ್ನೂ ಕಷ್ಟ. ನಮ್ಮ ಪಂಕ್ತಿ ಊಟಕ್ಕೆ ಬಡಿಸಲು ಹತ್ತು ಜನ ಸಾಕಾದಲ್ಲಿ ಮೂವತ್ತು ಜನ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಹದಿನೈದು ಜನ ಸೊಂಟ ಹಿಡಿದು ಕೂತರೂ ಉಣ್ಣುವವರಿಗೆ ಗೊತ್ತೇ ಆಗುವುದಿಲ್ಲ. ಎಲ್ಲರ ಎಲೆಗೂ ಅನ್ನ ಹೊತ್ತಿಗೆ ಸರಿಯಾಗಿ ಬೀಳುತ್ತದೆ.

ಕೊಳವೆಯೊಳಗೆ ನಡೆಯುವುದೂ ಅದೇ. ಗ್ಯಾಸು ಬರುವ ಬದಿಯ ಪದರ ಮೊದಲು ಸಾಯುತ್ತದೆ. ಅದರ ಕೆಲಸ ಹಿಂದಿನ ಪದರ ವಹಿಸಿಕೊಳ್ಳುತ್ತದೆ. ಹೊರಗಿನ ಅಂಕಿ ಅಲುಗುವುದಿಲ್ಲ. ಕೊನೆಯ ಪದರಕ್ಕೂ ಪೆಟ್ಟು ಬಿದ್ದಾಗ ಅಂಕಿ ಒಮ್ಮೆಗೇ ಬೀಳುತ್ತದೆ. ನೂರು ಗಂಟೆಗೆ ನಿಲ್ಲಿಸಿದವರಿಗೆ ನೂರಹತ್ತನೇ ಗಂಟೆಯ ಆ ಕುಸಿತ ಕಾಣುವುದಿಲ್ಲ.

ಆದ್ದರಿಂದ ನಾವು ಬಾಳಿಕೆಯ ಪರೀಕ್ಷೆಗೆ ಕ್ಯಾಟಲಿಸ್ಟನ್ನು ನೂರು ಮಿಲಿಗ್ರಾಂಗೆ ಇಳಿಸುತ್ತೇವೆ. ಗ್ಯಾಸು ಅಷ್ಟೇ. ಅಂದರೆ ಗಂಟೆಗೆ ಪ್ರತಿ ಗ್ರಾಂ ಮೇಲೆ ಹಾಯುವ ಗ್ಯಾಸು 6,000 ಮಿ.ಲೀ.ನಿಂದ 60,000 ಮಿ.ಲೀ.ಗೆ ಏರುತ್ತದೆ. ಬಿಸಿಯನ್ನು ಇಳಿಸಿ ಪರಿವರ್ತನೆ 20ರಿಂದ 30%ರ ಒಳಗೆ ಬರುವ ಹಾಗೆ ಹೊಂದಿಸುತ್ತೇವೆ. ಈಗ ಎಲ್ಲ ನಿಕಲ್ ಕಣಗಳೂ ಕೆಲಸದಲ್ಲಿವೆ, ಕೈ ಖಾಲಿ ಇರುವವರು ಯಾರೂ ಇಲ್ಲ. ಹತ್ತರಲ್ಲಿ ಒಂದು ಕಣ ಸತ್ತರೂ ಅಂಕಿಯಲ್ಲಿ ಕಾಣುತ್ತದೆ. ಮೊದಮೊದಲು ಇದನ್ನು ಒಪ್ಪಿಸುವುದು ಸುಲಭ ಇರಲಿಲ್ಲ. "25% ಅಂತ ಬರೆದರೆ ನೋಡುವವರು ಏನು ಹೇಳ್ತಾರೆ?" ಎಂದು ಜೊತೆಗಿರುವವರೇ ಕೇಳಿದ್ದುಂಟು. 95ರ ಅಂಕಿ ನೋಡಲು ಚೆಂದ. ಆದರೆ ನಮಗೆ ಬೇಕಾದದ್ದು ಕ್ಯಾಟಲಿಸ್ಟ್ ಯಾವಾಗ, ಯಾಕೆ ಸಾಯುತ್ತದೆ ಎನ್ನುವ ಸುದ್ದಿ. ಆ ಸುದ್ದಿ ಕಡಿಮೆ ಪರಿವರ್ತನೆಯಲ್ಲೇ ಸಿಗುವುದು.

ಪೂರ್ತಿ ಪರಿವರ್ತನೆಯಲ್ಲಿ ಓಡಿಸಲೇಬೇಕಾದ ಸಂದರ್ಭವೂ ಇದೆ. ದೊಡ್ಡ ಘಟಕದಲ್ಲಿ ಓಡುವುದು ಹಾಗೆಯೇ ಅಲ್ವಾ? ಆಗ ನಾನು ಮೊದಲು ಹೇಳಿದ ಸರಿದಾಡುವ ಥರ್ಮೋಕಪಲ್ ಉಪಕಾರಕ್ಕೆ ಬರುತ್ತದೆ. ಮೊದಲ ದಿನ ಅತಿ ಬಿಸಿಯ ಜಾಗ ಗ್ಯಾಸು ಬರುವ ಬಾಯಿಯ ಹತ್ತಿರವೇ ಇರುತ್ತದೆ. ಪದರ ಸಾಯುತ್ತಾ ಹೋದ ಹಾಗೆ ಬಿಸಿಯ ಜಾಗ ಒಳಗೆ ಸರಿಯುತ್ತದೆ. ಹೊರಬರುವ ಗ್ಯಾಸಿನಲ್ಲಿ ಏನೂ ಬದಲಾಗದಿದ್ದಾಗಲೂ ಇದು ಸರಿಯುತ್ತಿರುವುದು ಕಾಣುತ್ತದೆ. ದಿನಕ್ಕೊಮ್ಮೆ ಸೆಂಟಿಮೀಟರ್ ಸೆಂಟಿಮೀಟರ್ ಆಗಿ ಬಿಸಿ ಬರೆದಿಟ್ಟರೆ, ಎಷ್ಟು ಉದ್ದ ಸತ್ತಿದೆ, ಎಷ್ಟು ಬಾಕಿ ಇದೆ ಎಂದು ಮುಂಚೆಯೇ ಹೇಳಬಹುದು. ಕಾರ್ಖಾನೆಗಳಲ್ಲಿ ಕ್ಯಾಟಲಿಸ್ಟ್ ಯಾವಾಗ ಬದಲಿಸಬೇಕೆಂದು ಅಂದಾಜು ಮಾಡುವುದೂ ಹೀಗೇ.

ಸಿಲಿಂಡರಿನ ಶುದ್ಧ ಗ್ಯಾಸಿನಲ್ಲಿ ಇಷ್ಟೆಲ್ಲ ಮಾಡಿದ ಮೇಲೆ ನಿಜವಾದ ಗೋಬರ್ ಗ್ಯಾಸಿಗೆ ಬಂದೆವು. ಗೋಬರ್ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ನೂರಾರು ಪಿಪಿಎಂನಿಂದ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು) ಸಾವಿರಾರು ಪಿಪಿಎಂವರೆಗೆ ಇರಬಹುದು. ಅದರ ಗಂಧಕ ನಿಕಲ್ಲಿನ ಮೇಲೆ ಕೂತರೆ ಏಳುವುದಿಲ್ಲ. ಮೇಲ್ಮೈಯ ಎರಡು ನಿಕಲ್ ಪರಮಾಣುವಿಗೆ ಒಂದು ಗಂಧಕ ಕೂತರೆ ಮುಗಿಯಿತು, ಆ ಜಾಗ ಸತ್ತಂತೆ.

ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಒಂದು ಗ್ರಾಂ ಕ್ಯಾಟಲಿಸ್ಟಿನಲ್ಲಿ 0.15 ಗ್ರಾಂ ನಿಕಲ್, ಅಂದರೆ 2.56 ಮಿಲಿಮೋಲ್. ಅದರಲ್ಲಿ ಹೊರಮೈಯಲ್ಲಿ ಇರುವುದು ಹತ್ತರಲ್ಲೊಂದು ಎಂದುಕೊಳ್ಳೋಣ, 0.256. ಅದರ ಅರ್ಧ, 0.128 ಮಿಲಿಮೋಲ್ ಗಂಧಕ ಇಡೀ ಕ್ಯಾಟಲಿಸ್ಟನ್ನು ಮುಗಿಸಲು ಸಾಕು. ನಿಮಿಷಕ್ಕೆ ನೂರು ಮಿ.ಲೀ. ಎಂದರೆ ಗಂಟೆಗೆ ಆರು ಲೀಟರ್, ಸುಮಾರು ಕಾಲು ಮೋಲ್ ಗ್ಯಾಸು. ಅದರಲ್ಲಿ 10 ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಇದ್ದರೆ ಗಂಟೆಗೆ 0.0025 ಮಿಲಿಮೋಲ್ ಗಂಧಕ ಒಳಗೆ ಹೋಗುತ್ತದೆ. ಭಾಗಿಸಿದರೆ ಐವತ್ತು ಗಂಟೆ. 1 ಪಿಪಿಎಂ ಇದ್ದರೆ ಐನೂರು ಗಂಟೆ. ತೊಳೆಯದ ಗೋಬರ್ ಗ್ಯಾಸಿನಲ್ಲಿ ಸಾವಿರ ಪಿಪಿಎಂ ಇದೆ ಎಂದಿಟ್ಟುಕೊಳ್ಳಿ. ಹೈಡ್ರೋಜನ್ ಬೆರೆಸಿದ ಮೇಲೂ 385ರಷ್ಟು ಉಳಿಯುತ್ತದೆ. ಅದಕ್ಕೆ ಒಂದೂಕಾಲು ಗಂಟೆ ಸಾಕು.

ಈ ಲೆಕ್ಕವನ್ನು ಲ್ಯಾಬಿನ ಗೋಡೆಗೆ ಅಂಟಿಸಿದ್ದೇವೆ. 1 ಪಿಪಿಎಂ ಗಂಧಕ ಇರುವ ಗ್ಯಾಸಿನಲ್ಲಿ, ಒಂದು ಗ್ರಾಂ ಕ್ಯಾಟಲಿಸ್ಟ್ ಇಟ್ಟು, ನೂರು ಗಂಟೆ ಓಡಿಸಿದರೆ ಐದರಲ್ಲೊಂದು ಪಾಲು ಸತ್ತಿರುತ್ತದೆ. 90% ಪರಿವರ್ತನೆಯ ಅಂಕಿಯಲ್ಲಿ ಅದು ಕಾಣದು. ನೂರು ಮಿಲಿಗ್ರಾಂ ಇಟ್ಟಿದ್ದರೆ ಅದೇ ಗ್ಯಾಸಿನಲ್ಲಿ ಐವತ್ತು ಗಂಟೆಯೊಳಗೆ ಎಲ್ಲ ಬಯಲಾಗುತ್ತದೆ.

ಗಂಧಕ ತೆಗೆಯಲು ನಮ್ಮೂರಿನಲ್ಲೇ ವಸ್ತು ಇದೆ. ಮುರಕಲ್ಲು. ಮನೆ ಕಟ್ಟುವ ಕೆಂಪುಕಲ್ಲನ್ನು ಕೋರೆಯಲ್ಲಿ ಮೆಷಿನ್ನಿನಿಂದ ಕೊಯ್ಯುವಾಗ ರಾಶಿ ರಾಶಿ ಹುಡಿ ಬೀಳುತ್ತದೆ. ಅದರ ಕೆಂಪೆಲ್ಲ ಕಬ್ಬಿಣದ ಆಕ್ಸೈಡ್. ಹೈಡ್ರೋಜನ್ ಸಲ್ಫೈಡ್ ಅದಕ್ಕೆ ತಾಗಿದರೆ ಕಬ್ಬಿಣದ ಸಲ್ಫೈಡ್ ಆಗಿ ಅಲ್ಲೇ ಉಳಿಯುತ್ತದೆ. ಹುಡಿಯನ್ನು ಜರಡಿ ಹಿಡಿದು, ಮರದ ಹೊಟ್ಟಿನ ಜೊತೆ ಸೇರಿಸಿ, ಸ್ವಲ್ಪ ಸುಣ್ಣ ಹಾಕಿ, ಕೈಗೆ ತೇವ ತಾಗುವಷ್ಟು ನೀರು ಚಿಮುಕಿಸಿ ಪಿವಿಸಿ ಪೈಪಿನಲ್ಲಿ ಸಡಿಲವಾಗಿ ತುಂಬಿದೆವು. ಹೊಟ್ಟು ಹಾಕುವುದು ಗ್ಯಾಸಿಗೆ ದಾರಿ ಇರಲಿ ಎಂದು. ಪೂರ್ತಿ ಒಣಗಿದರೆ ಕ್ರಿಯೆ ನಿಧಾನವಾಗುತ್ತದೆ. ಎಲ್ಲ ಕೋರೆಯ ಹುಡಿಯೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ನೀರಿನಂಶ ಹಿಡಿದುಕೊಂಡ ಹಳದಿ-ಕಂದು ಬಣ್ಣದ ಕಬ್ಬಿಣದ ಆಕ್ಸೈಡ್ ಚುರುಕು, ಗಟ್ಟಿಯಾಗಿ ಹರಳುಗಟ್ಟಿದ ಕಡುಗೆಂಪು ನಿಧಾನ.

ಇದನ್ನು ನಾವು ಕೂರಿಸಿದ್ದು ನೆಂಟರೊಬ್ಬರ ಮನೆಯ ಗ್ಯಾಸಿನ ಗುಂಡಿಗೆ. ಅವರ ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿಯ ದನಗಳಿವೆ. ಪೈಪಿನ ಆಚೆ ಬದಿಯಲ್ಲಿ ಲೆಡ್ ಅಸಿಟೇಟ್ ಹಚ್ಚಿದ ಬಿಳಿ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಹಿಡಿಯುವುದು ನಮ್ಮ ಪರೀಕ್ಷೆ. ಗಂಧಕ ಇದ್ದರೆ ಪಟ್ಟಿ ಕಂದಾಗಿ, ಆಮೇಲೆ ಕಪ್ಪಾಗುತ್ತದೆ.

"ಅಪ್ಪಚ್ಚಿ, ಇಲ್ಲಿ ನೋಡಿ. ಪೈಪಿಗೆ ಮೊದಲು ಹಿಡಿದದ್ದು ಇದು, ಪೈಪು ದಾಟಿದ ಮೇಲೆ ಹಿಡಿದದ್ದು ಇದು" ಎಂದು ಎರಡು ಪಟ್ಟಿ ತೋರಿಸಿದೆ. ಒಂದು ಇದ್ದಲಿನ ಹಾಗೆ, ಇನ್ನೊಂದು ಬಿಳಿ.

ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಹಾಗಾದರೆ ಒಲೆಯ ಬರ್ನರು ತೂತು ಬೀಳುವುದೂ ಇದರಿಂದಲೇ ಇರಬೇಕು. ನಿನ್ನ ಆ ನಿಕಲ್ ಹೇಗೂ ಇರಲಿ, ಈ ಪೈಪನ್ನು ಇಲ್ಲೇ ಬಿಟ್ಟು ಹೋಗು" ಎಂದರು.

ಅವರು ಹೇಳಿದ್ದು ಸರಿಯೇ. ಹೈಡ್ರೋಜನ್ ಸಲ್ಫೈಡ್ ಉರಿದಾಗ ಬರುವ ಗ್ಯಾಸು ತೇವದ ಜೊತೆ ಸೇರಿ ಲೋಹ ತಿನ್ನುತ್ತದೆ. ಪೈಪು ಅಲ್ಲೇ ಇದೆ. ಹುಡಿ ಕಪ್ಪಾದಾಗ ಹೊರಗೆ ಹರವಿದರೆ ಗಾಳಿಗೆ ಮತ್ತೆ ಕೆಂಪು-ಕಂದಾಗುತ್ತದೆ, ಇನ್ನೂ ಕೆಲವು ಸಲ ಉಪಯೋಗಿಸಬಹುದು. ಆದರೆ ಹರವುವಾಗ ಹುಷಾರು. ಗಾಳಿ ತಾಗಿದಾಗ ಅದು ಬಿಸಿಯಾಗುತ್ತದೆ, ಮರದ ಹೊಟ್ಟೂ ಇರುವುದರಿಂದ ಹೊಗೆಯಾಡಬಹುದು. ತೆಳ್ಳಗೆ ಹರವಿ ನೀರು ಚಿಮುಕಿಸುತ್ತಾ ಇರಬೇಕು. ಒಣ ಅಡಕೆ ಸಿಪ್ಪೆ, ತೆಂಗಿನ ಮಡಲು ಹತ್ತಿರ ಇರಲೇಬಾರದು. ಇನ್ನೊಂದು ಎಚ್ಚರಿಕೆ ಮೂಗಿನದ್ದು. ಹೈಡ್ರೋಜನ್ ಸಲ್ಫೈಡ್ ನೂರು ಪಿಪಿಎಂ ದಾಟಿದರೆ ಮೂಗು ಸೋಲುತ್ತದೆ, ವಾಸನೆ ಬರುವುದೇ ನಿಲ್ಲುತ್ತದೆ. ವಾಸನೆ ಇಲ್ಲ ಎಂದು ಗುಂಡಿಗೆ ಬಗ್ಗುವುದು ಪ್ರಾಣಕ್ಕೆ ಕುತ್ತು.

ಮುರಕಲ್ಲಿನ ಹುಡಿ ಒಲೆಗೆ ಸಾಕು, ನಿಕಲ್ಲಿಗೆ ಸಾಲದು. ಕಾಗದ ಬಿಳಿಯಾಗಿ ಉಳಿದರೂ ಒಂದೆರಡು ಪಿಪಿಎಂ ದಾಟಿ ಬರಬಹುದು. ಐನೂರು ಗಂಟೆಯ ಲೆಕ್ಕ ನೆನಪಿದೆಯಲ್ಲ. ಅದಕ್ಕೆ ಹಿಂದುಗಡೆ ತೆಂಗಿನ ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್, ಅದರ ಹಿಂದೆ 350 ಡಿಗ್ರಿಯಲ್ಲಿ ಸತುವಿನ ಆಕ್ಸೈಡ್ ಇಟ್ಟೆವು. ಸತುವಿನ ಆಕ್ಸೈಡ್ ದಾಟಿದ ಗ್ಯಾಸಿನಲ್ಲಿ ಒಂದು ಪಿಪಿಎಂಗಿಂತ ಎಷ್ಟೋ ಕೆಳಗಿನ ಮಟ್ಟಕ್ಕೆ ಗಂಧಕ ಇಳಿಯುತ್ತದೆ. ಈ ಮೂರು ಹಂತ ಸೇರಿಸಿದ ಮೇಲೆ, ಗಂಟೆ ಹೋದ ಹಾಗೆ ಪರಿವರ್ತನೆ ತೋರಿಸುವ ನಕ್ಷೆಯಲ್ಲಿ ಸಿಲಿಂಡರ್ ಗ್ಯಾಸಿನ ಗೆರೆಯೂ ಗೋಬರ್ ಗ್ಯಾಸಿನ ಗೆರೆಯೂ ಒಂದರ ಪಕ್ಕ ಒಂದು ಹೋಗತೊಡಗಿದವು. ಕ್ಯಾಟಲಿಸ್ಟನ್ನು ಬದಲಿಸಿ ಇಷ್ಟು ಲಾಭ ನಮಗೆ ಯಾವತ್ತೂ ಸಿಕ್ಕಿದ್ದಿಲ್ಲ.

ದೇಶದ ರಸ್ತೆಗಳಲ್ಲೂ ಆದದ್ದು ಇದೇ. ಕಾರಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಪೆಟ್ರೋಲಿನ ಸೀಸ ವಿಷ. 2000ದ ಫೆಬ್ರವರಿಯಿಂದ ದೇಶಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆಯೇ ಅವು ಎಲ್ಲ ಕಡೆ ಬಾಳಿಕೆ ಬರುವುದು ಸಾಧ್ಯವಾಯಿತು. 2020ರ ಏಪ್ರಿಲಿನಲ್ಲಿ ವಾಹನಗಳ ಹೊಗೆಯ ನಿಯಮ ಬಿಎಸ್ 6 ಬಂದಾಗ ಇಂಧನದ ಗಂಧಕದ ಮಿತಿಯನ್ನು 10 ಪಿಪಿಎಂಗೆ ಇಳಿಸಿದ್ದಕ್ಕೂ ಹೊಸ ಹೊಗೆ ಶುದ್ಧೀಕರಣದ ಸಲಕರಣೆಗಳು ಉಳಿಯಬೇಕೆಂಬುದು ದೊಡ್ಡ ಕಾರಣ.

ಗಂಧಕ ಬಿಟ್ಟರೆ ಇನ್ನೆರಡು ಸಾವು ಇವೆ. ಒಂದು, ಬಿಸಿಗೆ ಸಣ್ಣ ನಿಕಲ್ ಕಣಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದು. ನಿಕಲ್ ಕರಗುವುದು 1455 ಡಿಗ್ರಿಯಲ್ಲಾದರೂ, ಕೆಲ್ವಿನ್ ಲೆಕ್ಕದಲ್ಲಿ ಅದರ ಅರ್ಧ, ಅಂದರೆ 590 ಡಿಗ್ರಿಯ ಸುತ್ತಲೇ ಪರಮಾಣುಗಳು ಚೆನ್ನಾಗಿ ಅಲುಗಾಡತೊಡಗುತ್ತವೆ. ನೀರಾವಿ ಇದ್ದರೆ ಇನ್ನೂ ಬೇಗ. ನಮ್ಮ ಕ್ರಿಯೆಯಲ್ಲಿ ನೀರಾವಿ ಧಾರಾಳ. ಇನ್ನೊಂದು, ಮೇಲೆ ಮಸಿ ಕಟ್ಟುವುದು. ಇದು ಹೈಡ್ರೋಜನ್ ಕಡಿಮೆಯಾದಾಗ ಹೆಚ್ಚು. ಸೋಲಾರ್ ಕರೆಂಟಿನಿಂದ ಹೈಡ್ರೋಜನ್ ಬರುವುದಾದರೆ ಮೋಡ ಅಡ್ಡ ಬಂದ ಕೂಡಲೇ ಕಾರ್ಬನ್ ಡೈಆಕ್ಸೈಡನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು.

ಮೂರನ್ನೂ ಬೇರೆ ಬೇರೆ ಗುರುತಿಸಲು ನಾವು ಮಾಡುವುದು ಇಷ್ಟು. ಓಟ ಮುಗಿದ ಮೇಲೆ ಕಾರ್ಬನ್ ಡೈಆಕ್ಸೈಡ್ ನಿಲ್ಲಿಸಿ ಬರೀ ಹೈಡ್ರೋಜನ್ ಬಿಟ್ಟು ಬಿಸಿ ಏರಿಸುತ್ತೇವೆ. ಮಸಿ ಇದ್ದರೆ ಅದು ಮೀಥೇನ್ ಆಗಿ ಹೊರಬರುತ್ತದೆ, ಚಟುವಟಿಕೆ ತಿರುಗಿ ಬರುತ್ತದೆ. ಬರದಿದ್ದರೆ ಗಂಧಕ ಅಥವಾ ಕಣ ದೊಡ್ಡದಾದದ್ದು. ಸ್ಯಾಂಪಲ್ಲನ್ನು ಎಕ್ಸ್-ರೇ ಪರೀಕ್ಷೆಗೆ ಕಳಿಸಿದರೆ ಕಣದ ಗಾತ್ರ ತಿಳಿಯುತ್ತದೆ. ಆ ಪರೀಕ್ಷೆಯ ನಕ್ಷೆಯಲ್ಲಿ ನಿಕಲ್ಲಿನ ಗೆರೆಗಳು ಅಗಲವಾಗಿದ್ದರೆ ಕಣ ಸಣ್ಣದು, ಚೂಪಾಗಿದ್ದರೆ ದೊಡ್ಡದು. ಅಲ್ಲಿಯೂ ವ್ಯತ್ಯಾಸ ಇಲ್ಲದಿದ್ದರೆ ಗಂಧಕವೇ ಸೈ. ಬೇಗ ಫಲಿತಾಂಶ ಬೇಕು ಎನ್ನುವವರಿಗೆ ಒಂದು ದಾರಿ ಇದೆ. ನೀರಾವಿ ಬೆರೆಸಿ ಕೆಲವು ಗಂಟೆ 600 ಡಿಗ್ರಿಯಲ್ಲಿಟ್ಟು, ಮತ್ತೆ ಮೊದಲಿನ ಅದೇ ಬಿಸಿ, ಅದೇ ಗ್ಯಾಸು, ಅದೇ ವೇಗಕ್ಕೆ ತಂದು ಅಳೆಯುವುದು. ಮೊದಲಿನ ಸ್ಥಿತಿಗೆ ತಂದು ಅಳೆಯದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಅಲ್ಯೂಮಿನಾಕ್ಕೆ ಸ್ವಲ್ಪ ಸೀರಿಯಂ ಆಕ್ಸೈಡ್ ಸೇರಿಸಿದ ಕ್ಯಾಟಲಿಸ್ಟ್ ಈ ಪರೀಕ್ಷೆಯಲ್ಲಿ ಬರೀ ಅಲ್ಯೂಮಿನಾದ್ದಕ್ಕಿಂತ ಚೆನ್ನಾಗಿ ನಿಂತಿತು. ಈಗ ನಮ್ಮ ಓಟವೆಲ್ಲ ಅದರ ಮೇಲೆಯೇ.

ಸತ್ತ ಕ್ಯಾಟಲಿಸ್ಟಿನ ಬಗ್ಗೆ ಹೇಳದೆ ನಿಲ್ಲಿಸಲಾರೆ. ಹೈಡ್ರೋಜನ್‌ನಲ್ಲಿ ಇದ್ದ ನಿಕಲ್ಲನ್ನು ಹಾಗೇ ಗಾಳಿಗೆ ತೆಗೆದರೆ ಕೆಂಪಗೆ ಹೊತ್ತಿಕೊಳ್ಳಬಹುದು. ತಣ್ಣಗಾದ ಮೇಲೆ 1% ಆಕ್ಸಿಜನ್ ಇರುವ ನೈಟ್ರೋಜನ್ನನ್ನು ನಿಧಾನವಾಗಿ ಹಾಯಿಸಿ, ಬಿಸಿ ಏರುವುದು ನಿಂತ ಮೇಲೆಯೇ ತೆಗೆಯುತ್ತೇವೆ. ನಿಕಲ್ಲಿನ ಹುಡಿ ಉಸಿರಿಗೆ ಹೋಗಬಾರದು, ನಿಕಲ್ ಸಂಯುಕ್ತಗಳು ಕ್ಯಾನ್ಸರ್‌ಕಾರಕ. ಮುಖಗವಸು, ಕೈಗವಸು ಇಲ್ಲದೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳ ಪಟ್ಟಿಯಲ್ಲಿ ಉಪಯೋಗಿಸಿ ಮುಗಿದ ಕ್ಯಾಟಲಿಸ್ಟ್ ಇದೆ. "ಇಷ್ಟು ಚೂರು ತಾನೇ, ಗುಡ್ಡೆಯಲ್ಲಿ ಹೂತುಬಿಟ್ಟರೆ ಆಯಿತು" ಎನ್ನುವ ಮಾತು ನಮ್ಮಲ್ಲಿ ನಡೆಯುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ಇದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವ ಹೊತ್ತಿಗೆ ಎಣ್ಮಕಜೆಯಂಥ ಊರುಗಳ ಮನೆಗಳಲ್ಲಿ ಏನಾಗಿ ಹೋಗಿತ್ತು ಎಂದು ನೋಡುತ್ತಾ ಬೆಳೆದವರು ನಾವು. ಗುಡ್ಡೆಗೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರು, ಬಾವಿಯ ನೀರು ಎಲ್ಲ ಈ ಮುರಕಲ್ಲಿನ ಗುಡ್ಡೆಯಿಂದಲೇ ಬರುವುದು. ಪ್ರತಿ ಓಟದ ಹುಡಿಯನ್ನೂ ತೂಗಿ, ಬೇರೆ ಬೇರೆ ಡಬ್ಬಿಗೆ ಹಾಕಿ, ಎಷ್ಟು ನಿಕಲ್, ಯಾವ ಗ್ಯಾಸಿನಲ್ಲಿ ಓಡಿದ್ದು, ಯಾವುದರಿಂದ ಸತ್ತದ್ದು ಎಂದು ಚೀಟಿ ಅಂಟಿಸಿ ಬೀಗ ಹಾಕಿದ ಕಪಾಟಿನಲ್ಲಿ ಇಡುತ್ತೇವೆ. ಡಬ್ಬಿಗಳು ತುಂಬಿದಾಗ ಪರವಾನಗಿ ಇರುವವರ ಕೈಗೇ ಕೊಡುವುದು, ರಸೀದಿ ಲಾಗ್ ಪುಸ್ತಕಕ್ಕೆ ಸೇರಿಸುವುದು. ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಕ್ಯಾಟಲಿಸ್ಟ್ ಮಾಡಲು ಕಲಿಸುವ ಮೊದಲು ಈ ಚೀಟಿ ಬರೆಯಲು ಕಲಿಸುತ್ತೇವೆ.